ಸಾಫ್ಟ್‌ವೇರ್‌ನಲ್ಲಿ ಉಳಿದುಕೊಂಡ ಹಂಟರ್ ಲೆಕ್ಕ

ಹತ್ತು ಮಹಡಿಯ ಅಪಾರ್ಟ್‌ಮೆಂಟಿನ ನೀರಿನ ಪೈಪು ಎಷ್ಟು ದಪ್ಪ ಇರಬೇಕು ಎಂಬುದನ್ನು ಈಗ ಕಂಪ್ಯೂಟರೇ ಹೇಳಿಬಿಡುತ್ತದೆ. ರೆವಿಟ್‌ನಂಥ ಸಾಫ್ಟ್‌ವೇರ್‌ನಲ್ಲಿ ಕಮೋಡು, ಸಿಂಕು, ಶವರ್‌ಗಳನ್ನು ಜಾಗಕ್ಕೆ ಕೂರಿಸಿ ಪೈಪಿನ ಗೆರೆ ಎಳೆದರೆ ಹರಿವು ಎಷ್ಟು, ಅಳತೆ ಎಷ್ಟು ಎಂಬುದು ತಾನಾಗಿ ಮೂಡುತ್ತದೆ. ಪರದೆ ಹೊಸದು, ಚಿತ್ರ ಮೂರು ಆಯಾಮದ್ದು. ಒಳಗೆ ನಡೆಯುವ ಲೆಕ್ಕ ಮಾತ್ರ ಬಹಳಷ್ಟು ಸಲ 1940ರದ್ದು. ಹಳೆಯದೆಂಬುದು ಅದರ ದೋಷವಲ್ಲ, ತ್ರಿಕೋನದ ಲೆಕ್ಕ ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯದು. ತಕರಾರು ಇರುವುದು ಬೇರೆ ಕಡೆ. ಕೈಯಲ್ಲಿ ಲೆಕ್ಕ ಹಾಕುವವರ ಕಷ್ಟ ತಪ್ಪಿಸಲೆಂದು ಅಂದು ಒಂದು ರಾಜಿ ಮಾಡಿಕೊಳ್ಳಲಾಯಿತು. ಆ ಕಷ್ಟವನ್ನು ಯಂತ್ರ ಪೂರಾ ಕಳೆದ ಮೇಲೂ ರಾಜಿ ಮಾತ್ರ ನಿಯಮವಾಗಿ ಕೂತಿದೆ.

ಆ ರಾಜಿ ಮಾಡಿದವರು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಾಯ್ ಹಂಟರ್. ಒಂದು ಕಟ್ಟಡದಲ್ಲಿ ನೂರು ಕಮೋಡುಗಳಿವೆ, ಎಲ್ಲಕ್ಕೂ ಫ್ಲಶ್ ವಾಲ್ವ್ ಇದೆ ಎನ್ನೋಣ. ಒಂದೊಂದೂ ನಿಮಿಷಕ್ಕೆ 27 ಗ್ಯಾಲನ್, ಅಂದರೆ ನೂರು ಲೀಟರಿನಷ್ಟು, ನೀರು ಎಳೆಯುತ್ತದೆ. ನೂರೂ ಒಟ್ಟಿಗೆ ಹರಿಯುತ್ತವೆ ಎಂದುಕೊಂಡರೆ ನಿಮಿಷಕ್ಕೆ ಹತ್ತು ಸಾವಿರ ಲೀಟರ್ ಹೊರುವ ಪೈಪು ಬೇಕು. ಹಾಗೆ ಆಗುವುದೇ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು; ಎಷ್ಟು ಆಗುತ್ತದೆ ಎಂದು ಹೇಳುವ ದಾರಿಯನ್ನು ಹಂಟರ್ ಸಂಭವನೀಯತೆಯಲ್ಲಿ ಹುಡುಕಿದರು. ಒಂದು ಫ್ಲಶ್ 9 ಸೆಕೆಂಡು ಹರಿಯುತ್ತದೆ, ದಟ್ಟಣೆಯ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ ಬಳಕೆಯಾಗುತ್ತದೆ ಎಂದು ಹಿಡಿದರು. ಅಂದರೆ ಯಾವುದೇ ಕ್ಷಣದಲ್ಲಿ ಒಂದು ಕಮೋಡು ಹರಿಯುತ್ತಿರುವ ಸಾಧ್ಯತೆ ನೂರಕ್ಕೆ 3. ನೂರರಲ್ಲಿ 99 ಪಾಲು ಹೊತ್ತು ಸಾಕಾಗುವಷ್ಟು ನೀರು ಒದಗಿಸಿದರೆ ಸಾಲದೆ ಎಂದು ಕೇಳಿಕೊಂಡರೆ ಲೆಕ್ಕ ಎಂಟು ಕಮೋಡಿಗೆ ನಿಲ್ಲುತ್ತದೆ. ಹತ್ತು ಸಾವಿರ ಲೀಟರಿನ ಜಾಗದಲ್ಲಿ ಎಂಟುನೂರು ಚಿಲ್ಲರೆ! ಎತ್ತರದ ಕಟ್ಟಡಗಳ ಪ್ಲಂಬಿಂಗ್ ಕೈಗೆಟುಕುವ ಖರ್ಚಿಗೆ ಇಳಿದದ್ದರಲ್ಲಿ ಈ ಒಂದು ಯೋಚನೆಗೆ ದೊಡ್ಡ ಪಾಲಿದೆ.

ತೊಡಕು ಬಂದದ್ದು ಬೇರೆ ಬೇರೆ ಸಾಧನಗಳನ್ನು ಒಂದೇ ಪೈಪಿಗೆ ಕೂಡಿಸುವಾಗ. ಹಂಟರ್ ಹಿಡಿದಂತೆ ಸ್ನಾನದ ತೊಟ್ಟಿ ಒಂದು ನಿಮಿಷ ತುಂಬುತ್ತದೆ, ಕಾಲು ಗಂಟೆಗೊಮ್ಮೆ; ಟ್ಯಾಂಕಿನ ಫ್ಲಶ್ಶಿಗೂ ಒಂದು ನಿಮಿಷ, ಆದರೆ 5 ನಿಮಿಷಕ್ಕೊಮ್ಮೆ. ಒಂದೊಂದರ ಹರಿವೂ ಬೇರೆ, ಸಾಧ್ಯತೆಯೂ ಬೇರೆ. ಇವನ್ನೆಲ್ಲ ಬೆರೆಸಿ ಪ್ರತಿ ಕಟ್ಟಡಕ್ಕೂ ಪೆನ್ಸಿಲಿನಲ್ಲಿ ಲೆಕ್ಕ ಹಾಕಿ ಎಂದರೆ ಯಾವ ಎಂಜಿನಿಯರೂ ಒಪ್ಪುತ್ತಿರಲಿಲ್ಲ. ಅದಕ್ಕೆ ಹಂಟರ್ ಸಾಧನಗಳಿಗೆ ತೂಕ ಕೊಟ್ಟರು: ಫ್ಲಶ್ ವಾಲ್ವಿಗೆ 10, ಟ್ಯಾಂಕಿನ ಫ್ಲಶ್ಶಿಗೆ 5, ತೊಟ್ಟಿಗೆ 4. ಇವೇ ಫಿಕ್ಸ್ಚರ್ ಯೂನಿಟ್‌ಗಳು. ಕೂಡಿಸು, ನಕ್ಷೆಯ ಗೆರೆ ನೋಡು, ಹರಿವು ಓದಿಕೊ. ಪ್ರಕೃತಿಯಲ್ಲಿ ಫಿಕ್ಸ್ಚರ್ ಯೂನಿಟ್ ಎಂಬುದಿಲ್ಲ. ಅದು ಕಾಗದದ ಮೇಲಿನ ಸೌಕರ್ಯ, ಬಹಳ ಜಾಣ ಸೌಕರ್ಯ.

ಆ ಕಾಲದ ಉಳಿದ ಲೆಕ್ಕದ ಸೂತ್ರಗಳ ಸ್ವಭಾವವೂ ಇದೇ. ಅಲೆನ್ ಹೇಜನ್ ಮತ್ತು ಗಾರ್ಡ್ನರ್ ವಿಲಿಯಮ್ಸ್ 1905ರಲ್ಲಿ ಪ್ರಕಟಿಸಿದ ಕೋಷ್ಟಕಗಳ, ಪೈಪಿನೊಳಗೆ ಕಳೆದುಹೋಗುವ ಒತ್ತಡ ಹೇಳುವ ಸೂತ್ರ ನೀರಿನ ಉಷ್ಣಾಂಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಊರಿನ ತಣ್ಣೀರಿಗೆ ಅದು ನಡೆಯುತ್ತದೆ, ಬಿಸಿನೀರಿನ ಪೈಪಿಗೆ ಒಗ್ಗುವುದಿಲ್ಲ. 1939ರ ಕೋಲ್‌ಬ್ರುಕ್ ಸಮೀಕರಣ ಇನ್ನೂ ನಿಖರ, ಆದರೆ ಹುಡುಕುತ್ತಿರುವ ಸಂಖ್ಯೆ ಅದರಲ್ಲಿ ಎರಡೂ ಬದಿಗೆ ಇರುವುದರಿಂದ ಮತ್ತೆಮತ್ತೆ ಊಹಿಸಿ ತಿದ್ದಬೇಕು. 1944ರಲ್ಲಿ ಮೂಡಿ ಎಂಬ ಎಂಜಿನಿಯರ್ ಅದನ್ನು ನಕ್ಷೆಯಾಗಿಸಿದ್ದು ಆ ಗೋಳು ತಪ್ಪಿಸಲಿಕ್ಕೇ. ಇಂದಿನ ಯಂತ್ರಕ್ಕೆ ಆ ಸಮೀಕರಣ ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೂ 1993ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಹೊರತಂದ, ಊರೂರಿನ ನೀರಿನ ಜಾಲಗಳನ್ನು ಉಚಿತವಾಗಿ ಲೆಕ್ಕ ಹಾಕಿಕೊಡುವ ಎಪಾನೆಟ್ ತೆರೆದರೆ, ನಾವು ಬದಲಿಸದ ಹೊರತು ಕೂತಿರುವುದು ಹೇಜನ್-ವಿಲಿಯಮ್ಸ್ ಸೂತ್ರವೇ. ಹಳೆಯ ಸೂತ್ರವನ್ನು ಯಂತ್ರ ಹೊರಹಾಕಲಿಲ್ಲ, ಅದನ್ನು ಬೇಗ ಮಾಡುವುದನ್ನು ಕಲಿಯಿತು.

ಇದಕ್ಕೆ ಅನುಭವಸ್ಥರ ಉತ್ತರ ಸಿದ್ಧವಿದೆ: ಹಂಟರ್ ಲೆಕ್ಕದಿಂದ ಯಾವ ಕಟ್ಟಡಕ್ಕೆ ನೀರು ಸಾಲದೆ ಹೋಯಿತು? ಪೈಪು ಸ್ವಲ್ಪ ದಪ್ಪವಾದರೆ ನಷ್ಟವೇನು? ಮೊದಲ ಪ್ರಶ್ನೆಗೆ ಎದುರಾಡುವಂತಿಲ್ಲ, ಎರಡನೆಯದಕ್ಕೆ ಆಡಬಹುದು. ಹಂಟರ್ ಹಿಡಿದ ಒಂದು ಫ್ಲಶ್ ಸುಮಾರು 15 ಲೀಟರ್. 1992ರ ಕಾಯಿದೆಯಿಂದ ಅಮೆರಿಕದಲ್ಲೇ ಅದು 6 ಲೀಟರಿಗೆ ಇಳಿಯಿತು. ನೀರು ಕಡಿಮೆ, ಪೈಪು ಹಳೆಯ ದಪ್ಪದ್ದು ಎಂದರೆ ನೀರು ಒಳಗೇ ನಿಲ್ಲುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಜನ ಸತ್ತ ಮೇಲೆ ಪತ್ತೆಯಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಉಗುರುಬೆಚ್ಚಗೆ ನಿಂತ ನೀರೆಂದರೆ ಹಬ್ಬ. ಬೆಂಗಳೂರಿನ ತಾರಸಿಯ ಸೋಲಾರಿನಿಂದ ಬಚ್ಚಲಿಗೆ 20 ಮೀಟರ್ ಪೈಪು ಇದ್ದರೆ, ಒಳವ್ಯಾಸ 20 ಮಿಲಿಮೀಟರ್ ಆದಾಗ ಬಿಸಿನೀರಿಗೆ ಮುಂಚೆ ಆರು ಲೀಟರ್ ಚಿಲ್ಲರೆ ತಣ್ಣೀರು ಹರಿದುಹೋಗುತ್ತದೆ, 25 ಆದಾಗ ಹತ್ತಿರ ಹತ್ತಿರ ಹತ್ತು. ದಪ್ಪ ಪೈಪಿನ ಬಾಡಿಗೆ ದಿನಾ ಬೆಳಗ್ಗೆ ಕಟ್ಟಬೇಕು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತಪ್ಪು ಸಾಫ್ಟ್‌ವೇರಿನದಲ್ಲ, ಕಟ್ಟಡ ನಿಯಮಗಳ ಕೋಡಿನದು; ಕೋಡು ಹೇಳಿದ್ದನ್ನು ಮೀರಿ ಪೈಪು ಸಣ್ಣದು ಮಾಡಿ ಸಹಿ ಹಾಕುವ ಎಂಜಿನಿಯರ್ ಯಾರು? ನಿಜ. ಆದರೆ ಕೋಷ್ಟಕ ಪುಸ್ತಕದಲ್ಲಿದ್ದಾಗ ಅದರ ಊಹೆಗಳು ಪಕ್ಕದ ಪುಟದಲ್ಲಿ ಕಾಣುತ್ತಿದ್ದವು, ಪರದೆಯಲ್ಲಿ ಉತ್ತರ ಮಾತ್ರ ಕಾಣುತ್ತದೆ. ಕೋಡು ಬದಲಾಗದು ಎಂಬ ಮಾತೂ ನಿಲ್ಲುವುದಿಲ್ಲ. ಸಾವಿರಕ್ಕೂ ಹೆಚ್ಚು ಅಮೆರಿಕನ್ ಮನೆಗಳಲ್ಲಿ ನಲ್ಲಿಗಳ ಬಳಕೆಯನ್ನು ದಾಖಲಿಸಿದ ಅಂಕಿಗಳ ಮೇಲೆ ಅಲ್ಲಿನ ಪ್ಲಂಬಿಂಗ್ ಸಂಸ್ಥೆಗಳು ಸಿನ್ಸಿನಾಟಿ ವಿಶ್ವವಿದ್ಯಾಲಯದ ಜೊತೆ ಸೇರಿ ವಾಟರ್ ಡಿಮ್ಯಾಂಡ್ ಕ್ಯಾಲ್ಕ್ಯುಲೇಟರ್ ಸಿದ್ಧಪಡಿಸಿದವು. 2018ರ ಯೂನಿಫಾರ್ಮ್ ಪ್ಲಂಬಿಂಗ್ ಕೋಡಿನ ಅನುಬಂಧದಲ್ಲಿ ಅದಕ್ಕೆ ಜಾಗ ಸಿಕ್ಕಿತು. ನೋಡಿದರೆ ಸಾದಾ ಎಕ್ಸೆಲ್ ಹಾಳೆ. ಆದರೆ ಅದರಲ್ಲಿ ಫಿಕ್ಸ್ಚರ್ ಯೂನಿಟ್ ಇಲ್ಲವೇ ಇಲ್ಲ. ಪ್ರತಿ ಸಾಧನದ ಹರಿವು, ಅದರ ಸಾಧ್ಯತೆ ಬೇರೆ ಬೇರೆ ಕೋಶದಲ್ಲಿವೆ. ಬೆರೆಸುವ ಕೆಲಸ ಯಂತ್ರದ್ದು. ಹಂಟರ್ ಮೊದಲು ಹಿಡಿದ ದಾರಿಗೇ, ರಾಜಿಗೆ ಮುಂಚಿನ ದಾರಿಗೇ, ಮರಳಿದಂತಾಯಿತು.

ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡಿನಲ್ಲೂ ಫಿಕ್ಸ್ಚರ್ ಯೂನಿಟ್ ಪದ್ಧತಿಯೇ ಇದೆ. ಅಮೆರಿಕದ ಆ ಹಾಳೆಯನ್ನು ಹಾಗೇ ತಂದರೂ ಪ್ರಯೋಜನ ಅರ್ಧ, ಏಕೆಂದರೆ ಬಕೆಟ್ ತುಂಬಿಸಿ ತಂಬಿಗೆಯಲ್ಲಿ ಸ್ನಾನ ಮಾಡುವ ಮನೆಯ ನಲ್ಲಿ ತೊಟ್ಟಿಯಂತೆಯೂ ಹರಿಯುವುದಿಲ್ಲ, ಶವರಿನಂತೆಯೂ ಹರಿಯುವುದಿಲ್ಲ. 2024ರ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿದಾಗ ಹರಿವಿನ ಅಂಕಿ ಬದಲಾಯಿತು, ಯೂನಿಟ್ಟಿನ ಅಂಕಿ ಬದಲಾಗಲಿಲ್ಲ. ನಗರದ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಈಗ ಫ್ಲ್ಯಾಟಿಗೊಂದು ಡಿಜಿಟಲ್ ಮೀಟರು ಕೂತಿದೆ, ಬಿಲ್ಲು ಹಂಚುವುದಕ್ಕೆ. ಬೆಳಗ್ಗೆ ಆರರಿಂದ ಎಂಟರವರೆಗೆ ಅವು ನಿಮಿಷ ನಿಮಿಷಕ್ಕೂ ಎಷ್ಟು ಓದುತ್ತವೆ ಎಂದು ಬರೆದಿಟ್ಟುಕೊಂಡರೆ, ಆ ಎಕ್ಸೆಲ್ ಹಾಳೆಯ ಕೋಶಗಳಿಗೆ ನಮ್ಮದೇ ಅಂಕಿ ತುಂಬಲು ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ.