ಪದ ಪರಿಚಯ: ಹೂಡಿಕೆ

ಲಾಭದ ನಿರೀಕ್ಷೆಯಲ್ಲಿ ಹಣ ತೊಡಗಿಸುವುದು. ಹಾಗೆ ತೊಡಗಿಸಿದ ಹಣ.

ಇದರ ಮೂಲ ‘ಹೂಡು’ ಧಾತು. ಹಳಗನ್ನಡದ ‘ಪೂಡು’ವಿನ ಪಕಾರ ಹಕಾರವಾಗಿ ಈ ರೂಪ ಬಂತು. ತಮಿಳಿನ ‘ಪೂಟ್ಟು’ ಇದರ ದಾಯಾದಿ. ಅಲ್ಲಿ ಎತ್ತನ್ನು ನೊಗಕ್ಕೆ ಕಟ್ಟುವುದಕ್ಕೂ ಬೀಗ ಹಾಕುವುದಕ್ಕೂ ಅದೇ ಮಾತು.

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪದದ ನೊಗ ಕಟ್ಟುವ ಹಳೆಯ ಅರ್ಥಕ್ಕೂ ಹಣ ತೊಡಗಿಸುವ ಹೊಸ ಅರ್ಥಕ್ಕೂ ಜಾಗವಿದೆ. ‘ಆರು (ನೇಗಿಲು) ಹೂಡು’, ‘ಗಾಡಿ ಹೂಡು’ ಎಂಬುವು ಆ ಸೀಮೆಯ ಬೇಸಾಯದ ಮಾತುಗಳು. ಮಂಡ್ಯ ಹಾಲು ಒಕ್ಕೂಟದ ಡೇರಿ, ಕೈಗಾರಿಕಾ ಪ್ರದೇಶ ಇರುವುದೂ ಅಲ್ಲೇ. ಅಲ್ಲಿ ಹೂಡಿಕೆ ಎಂದರೆ ಬಂಡವಾಳ. ಇನ್ನು ಒಲೆ, ಬಾಣ, ದಾವೆ, ಸಂಚು, ಇವನ್ನೂ ಕನ್ನಡಿಗರು ಹೂಡುತ್ತಾರೆ. ಎಲ್ಲದರಲ್ಲೂ ಕೆಲಸಕ್ಕೆ ಅಣಿಗೊಳಿಸುವ ಅರ್ಥವಿದೆ.

ಈಚೆಗೆ ‘ಕಾರ್ಪೊರೇಟ್ ಹೂಡಿಕೆ ವಿಭಾಗ’ ಎಂಬ ಬಳಕೆ ಬಂದಿದೆ. ದೊಡ್ಡ ಕಂಪನಿ ತನ್ನದೇ ಹಣವನ್ನು ನವೋದ್ಯಮಗಳಲ್ಲಿ ಹೂಡಿ ಪಾಲು ಪಡೆಯುವ ವ್ಯವಸ್ಥೆಯಿದು. ಇದು ಸಾಲವಲ್ಲ: ಸಾಲ ಕೊಟ್ಟವರಿಗೆ ಬಡ್ಡಿ ಸಲ್ಲುತ್ತದೆ. ಹೂಡಿದವರು ಲಾಭದಂತೆ ನಷ್ಟಕ್ಕೂ ಪಾಲುದಾರರು. ಲಾಭದ ಜೊತೆಗೆ ಹೊಸ ತಂತ್ರಜ್ಞಾನದ ಸುಳಿವೂ ಕಂಪನಿಗೆ ಬೇಕಿರುತ್ತದೆ. ಇನ್ಫೋಸಿಸ್ 2015ರಲ್ಲಿ ತನ್ನ ನಾವೀನ್ಯ ನಿಧಿಯನ್ನು 10 ಕೋಟಿಯಿಂದ 50 ಕೋಟಿ ಡಾಲರಿಗೆ ಹಿಗ್ಗಿಸಿತು. ಬಳಕೆದಾರರ ತಂತ್ರಜ್ಞಾನದ ಕಡೆಯಿಂದ ಫ್ಲಿಪ್‌ಕಾರ್ಟ್ ವೆಂಚರ್ಸ್ 2022ರಲ್ಲಿ 10 ಕೋಟಿ ಡಾಲರಿನ ನಿಧಿಯೊಂದಿಗೆ ಬಂತು.

ಬಳಕೆ: ‘ಕಂಪನಿಯಲ್ಲಿ ಹಣ ಹೂಡಿದರು’ ಎಂದರೆ ಸಾಕು, ‘ಹಣದ ಹೂಡಿಕೆಯನ್ನು ಮಾಡಿದರು’ ಎಂದು ಎಳೆಯಬೇಕಿಲ್ಲ. ಹೂಡುವವರು ಹೂಡಿಕೆದಾರರು, ಹೂಡಿದ್ದನ್ನು ವಾಪಸು ಪಡೆಯುವುದು ಹೂಡಿಕೆ ಹಿಂತೆಗೆತ.