ಮಹಾಬಯಲಿನ ಸುಂಟರಗಾಳಿಯೂ ಪ್ರತ್ಯಕ್ಷ ಪ್ರಮಾಣವೂ

ಕನ್ನಡದಲ್ಲಿ 'ಸುಂಟರಗಾಳಿ' ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ಧೂಳನ್ನೂ ತರಗೆಲೆಗಳನ್ನೂ ಎತ್ತಿ ತಿರುಗಿಸಿ ಸ್ವಲ್ಪ ಹೊತ್ತಿನಲ್ಲೇ ಅಡಗುವ ಗಾಳಿ ಒಂದು. ಗುಡುಗುಮೋಡದ ತಳದಿಂದ ಆನೆಯ ಸೊಂಡಿಲಿನಂತೆ ಇಳಿದು ನೆಲ ಮುಟ್ಟುವ, ಟಾರ್ನೆಡೊ ಎಂದು ಹೆಸರಾದ ಪ್ರಚಂಡ ಸುಳಿ ಮತ್ತೊಂದು. ಮೊದಲನೆಯದು ಕಾದ ನೆಲದಿಂದ ಏಳುವಂಥದು. ಎರಡನೆಯದಕ್ಕೆ ಮೋಡವೇ ಮೂಲ. ಈ ಲೇಖನದಲ್ಲಿ ನಾವು ಆ ಮಾತನ್ನು ಎರಡನೆಯ ಅರ್ಥದಲ್ಲಿ ಮಾತ್ರ ಬಳಸಿದ್ದೇವೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಮಹಾಬಯಲಿನಲ್ಲಿ ಇಂಥ ಸುಳಿಗಳನ್ನು ಕಾರುಗಳಲ್ಲಿ ಬೆನ್ನಟ್ಟಿ ನೋಡುವವರ ಒಂದು ಪಂಗಡವೇ ಉಂಟು. ಇದು ಸಾಹಸಪ್ರಿಯರ ವಿನೋದವೆಂಬ ಭಾವನೆ ಸಾಮಾನ್ಯ. 1996ರ 'ಟ್ವಿಸ್ಟರ್' ಚಲನಚಿತ್ರ ಅದನ್ನು ಇನ್ನಷ್ಟು ಹರಡಿತು. ಆದರೆ ಸುಂಟರಗಾಳಿಯ ಮುನ್ಸೂಚನೆ ನಂಬಿಕೆಗೆ ಅರ್ಹವಾಗಬೇಕಾದರೆ ಯಾರಾದರೊಬ್ಬರು ಸ್ಥಳದಲ್ಲಿ ನಿಂತು ಕಣ್ಣಾರೆ ನೋಡಲೇಬೇಕಾಗಿತ್ತು ಎಂಬುದು ಈ ವಿದ್ಯೆಯ ಚರಿತ್ರೆಯಿಂದ ತಿಳಿದುಬರುತ್ತದೆ. ಅದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

ರಾಕಿ ಪರ್ವತಗಳ ಪೂರ್ವಕ್ಕೆ ಟೆಕ್ಸಾಸ್, ಓಕ್ಲಹೋಮ, ಕ್ಯಾನ್ಸಾಸ್, ನೆಬ್ರಾಸ್ಕ ಮೊದಲಾದ ಸಂಸ್ಥಾನಗಳಲ್ಲಿ ಈ ಬಯಲು ಹಬ್ಬಿದೆ. ವಸಂತಕಾಲದಲ್ಲಿ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚನೆಯ ತೇವದ ಗಾಳಿ ನೆಲಕ್ಕೆ ಹತ್ತಿರವಾಗಿ ಒಳನಾಡಿಗೆ ನುಗ್ಗುತ್ತದೆ. ಅದರ ಮೇಲೆ ಪಶ್ಚಿಮದ ಎತ್ತರದ ನಾಡುಗಳಿಂದ ಬಂದ ಒಣಗಾಳಿ ಹರಡುತ್ತದೆ. ಇನ್ನೂ ಎತ್ತರದಲ್ಲಿ ತಣ್ಣನೆಯ ಬಿರುಗಾಳಿ ಬೀಸುತ್ತಿರುತ್ತದೆ. ಎತ್ತರ ಏರಿದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುವುದರಿಂದ, ಮೇಲೇರುವ ಗಾಳಿಯ ಕಂಬವೇ ತಿರುಗತೊಡಗುತ್ತದೆ. ಹೀಗೆ ತಿರುಗುವ ಮಹಾಮೋಡಗಳಿಂದಲೇ ಘೋರವಾದ ಸುಂಟರಗಾಳಿಗಳಲ್ಲಿ ಬಹುಪಾಲು ಹುಟ್ಟುವುದು.

ಇವನ್ನು ಮುಂಚಿತವಾಗಿ ತಿಳಿಯಲು ಕ್ರಮಬದ್ಧವಾಗಿ ಮೊದಲು ಯತ್ನಿಸಿದವನು ಸೈನ್ಯದ ಸಂಕೇತದಳದ ಅಧಿಕಾರಿ ಜಾನ್ ಪಾರ್ಕ್ ಫಿನ್ಲೆ. ಹಾನಿಗೊಂಡ ಊರುಗಳಲ್ಲಿ ಸಂಚರಿಸಿ, ವರದಿಗಳನ್ನು ಕೂಡಿಹಾಕಿ, 600 ಸುಂಟರಗಾಳಿಗಳ ಲಕ್ಷಣಗಳನ್ನು ಅವನು ನಿರೂಪಿಸಿದ. 1884ರಲ್ಲಿ ಪ್ರಾಯೋಗಿಕವಾಗಿ ಮುನ್ಸೂಚನೆಗಳನ್ನೂ ಸಿದ್ಧಪಡಿಸಿ, ಅವುಗಳಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಸರಿಬಂದವೆಂದು ಸಾರಿದ. ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ಅದೇ ವರ್ಷ ಈ ಲೆಕ್ಕದ ದೋಷವನ್ನು ಎತ್ತಿ ತೋರಿಸಿದ. ಫಿನ್ಲೆಯ 2,803 ಮುನ್ಸೂಚನೆಗಳಲ್ಲಿ ಸುಂಟರಗಾಳಿ ಬರುವುದೆಂದು ಹೇಳಿದ್ದು 100 ಸಲ. ಆ ಮಾತು ನಿಜವಾದದ್ದು 28 ಸಲ ಮಾತ್ರ. ಉಳಿದ ಜಯವೆಲ್ಲ 'ಬಾರದು' ಎಂದು ಹೇಳಿ ಗಳಿಸಿದ್ದು. ಪ್ರತಿಸಲವೂ 'ಬಾರದು' ಎಂದೇ ಹೇಳಿದ್ದರೆ ನೂರಕ್ಕೆ 98 ಸರಿಯಾಗುತ್ತಿತ್ತು! ಅಪರೂಪವಾದ ಘಟನೆಯನ್ನು ಕುರಿತ ವಿದ್ಯೆಯಲ್ಲಿ ಅಂಕಿಗಳು ಎಷ್ಟು ಸುಲಭವಾಗಿ ಮೋಸಗೊಳಿಸಬಲ್ಲವೆಂಬುದಕ್ಕೆ ಇದು ಇಂದಿಗೂ ಉದಾಹರಣೆಯಾಗಿದೆ.

ಮುನ್ಸೂಚನೆಗಳಲ್ಲಿ 'ಟಾರ್ನೆಡೊ' ಎಂಬ ಪದವನ್ನೇ ಬಳಸಕೂಡದೆಂಬ ನಿಯಮ 1880ರ ದಶಕದಲ್ಲಿಯೇ ಜಾರಿಗೆ ಬಂದಿತು. ಆ ಪದವನ್ನು ಕೇಳಿ ಜನ ದಿಗಿಲುಗೊಂಡರೆ ಗಾಳಿಗಿಂತ ದಿಗಿಲಿನಿಂದಲೇ ಹೆಚ್ಚು ಕೇಡಾದೀತೆಂಬುದು ಅಧಿಕಾರಿಗಳ ಅಂಜಿಕೆ. ಸುಮಾರು ಅರ್ಧ ಶತಮಾನ ಈ ಮೌನ ನಡೆಯಿತು. ಈ ನಡುವೆ, 1925ರ ಮಾರ್ಚ್ 18ರಂದು, ಮಿಸೌರಿ, ಇಲಿನಾಯ್, ಇಂಡಿಯಾನ ಸಂಸ್ಥಾನಗಳನ್ನು ಹಾದುಹೋದ ಒಂದೇ ಸುಂಟರಗಾಳಿಗೆ 695 ಮಂದಿ ಬಲಿಯಾದರು. ಅವರಿಗೆ ಯಾರೂ ಎಚ್ಚರಿಕೆ ನೀಡಿರಲಿಲ್ಲ.

ಮೌನ ಮುರಿದದ್ದು ಓಕ್ಲಹೋಮದ ಟಿಂಕರ್ ವಾಯುಸೇನಾ ನೆಲೆಯಲ್ಲಿ. 1948ರ ಮಾರ್ಚ್ 20ರ ರಾತ್ರಿ ಸುಂಟರಗಾಳಿಯೊಂದು ಅಲ್ಲಿನ ವಿಮಾನಗಳನ್ನು ನುಚ್ಚುನೂರು ಮಾಡಿತು. ಅದಕ್ಕೆ ಕಾರಣವಾದ ಹವೆಯ ಪರಿಸ್ಥಿತಿಯನ್ನು ಅಧ್ಯಯನ ಮಾಡಿದ್ದ ಅರ್ನೆಸ್ಟ್ ಫಾಬುಷ್ ಮತ್ತು ರಾಬರ್ಟ್ ಮಿಲ್ಲರ್ ಎಂಬ ಅಧಿಕಾರಿಗಳು, ಐದು ದಿನಗಳ ತರುವಾಯ ಅಂಥದೇ ಪರಿಸ್ಥಿತಿಯನ್ನು ನಕ್ಷೆಗಳಲ್ಲಿ ಕಂಡು ಎಚ್ಚರಿಕೆ ಹೊರಡಿಸಿದರು. ಅಂದು ಸಂಜೆ ಸುಂಟರಗಾಳಿ ಮರಳಿ ಅದೇ ನೆಲೆಯ ಮೇಲೆ ಎರಗಿತು. ಆ ವೇಳೆಗೆ ವಿಮಾನಗಳನ್ನೂ ಜನರನ್ನೂ ಸಾಧ್ಯವಾದಷ್ಟು ಮರೆಗೆ ಸೇರಿಸಲಾಗಿತ್ತು. ಸಾರ್ವಜನಿಕರಿಗೆ ಇಂಥ ಮುನ್ಸೂಚನೆ ಕೊಡುವ ಪದ್ಧತಿ 1952ರಲ್ಲಿ ಆರಂಭವಾಯಿತು. ಆದರೆ ಅದು ವಿಶಾಲವಾದ ಪ್ರದೇಶಕ್ಕೆ ಸಂಬಂಧಿಸಿದ ಮಾತು. ಯಾವ ಊರಿನ ಮೇಲೆ, ಯಾವ ಗಳಿಗೆಯಲ್ಲಿ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಆ ಉತ್ತರಕ್ಕೆ ಬಯಲಿಗೇ ಇಳಿಯಬೇಕಾಯಿತು. ನಾರ್ತ್ ಡಕೋಟದ ತರುಣ ಡೇವಿಡ್ ಹೋಡ್ಲಿ 1956ರಿಂದ ಕೇವಲ ಸ್ವಂತ ಆಸಕ್ತಿಯಿಂದ ಮೋಡಗಳನ್ನು ಹಿಂಬಾಲಿಸತೊಡಗಿದ. 1977ರಲ್ಲಿ 'ಸ್ಟಾರ್ಮ್ ಟ್ರ್ಯಾಕ್' ಎಂಬ ಪತ್ರಿಕೆಯನ್ನೂ ಹೊರಡಿಸಿದ. ವಿಜ್ಞಾನಿಗಳ ಪೈಕಿ ಮೊದಲಿಗನಾದ ನೀಲ್ ವಾರ್ಡ್ 1961ರ ಮೇ 4ರಂದು ಓಕ್ಲಹೋಮದ ಹೆದ್ದಾರಿ ಪೊಲೀಸರೊಡನೆ ಸುಂಟರಗಾಳಿಯ ಬಳಿಗೆ ಹೋದ. ಈ ಕಾರ್ಯಕ್ಕೆ ಭೂಮಿಯೂ ಅನುಕೂಲವಾಗಿತ್ತು. 1785ರ ಶಾಸನದಿಂದ ಮೊದಲಾದ ಭೂಮಾಪನ ಪದ್ಧತಿಯಂತೆ ಬಯಲನ್ನು ಚದರ ಮೈಲಿಗಳಾಗಿ ಅಳೆದಿದ್ದರು. ಆ ಗೆರೆಗಳ ಗುಂಟ ಮೈಲಿಗೊಂದರಂತೆ ರಸ್ತೆಗಳು ಹಾದಿದ್ದವು. ಹೊಲಗಳನ್ನು ಹಂಚಲೆಂದು ಎಳೆದ ಗೆರೆಗಳು ಮೋಡವನ್ನು ಹಿಂಬಾಲಿಸುವವರ ದಾರಿಗಳಾದವು.

1964ರಲ್ಲಿ ಓಕ್ಲಹೋಮದ ನಾರ್ಮನ್ ನಗರದಲ್ಲಿ ಘೋರ ಬಿರುಮಳೆಗಳ ರಾಷ್ಟ್ರೀಯ ಪ್ರಯೋಗಾಲಯ ಸ್ಥಾಪಿತವಾಯಿತು. ಆ ಸಂಸ್ಥೆಯೂ ಓಕ್ಲಹೋಮ ವಿಶ್ವವಿದ್ಯಾನಿಲಯವೂ ಕೂಡಿ 1972ರಲ್ಲಿ ಬೆನ್ನಟ್ಟುವ ಕಾರ್ಯವನ್ನು ವ್ಯವಸ್ಥಿತವಾಗಿ ಕೈಗೊಂಡವು. ತಂಡದವರು ದಾರಿಯ ಪಕ್ಕದ ದೂರವಾಣಿಗಳಿಂದ ನಾರ್ಮನ್ನಿಗೆ ಮಾತನಾಡಿ ಮೋಡದ ನೆಲೆಯನ್ನು ತಿಳಿಯಬೇಕಾಗಿತ್ತು. 1973ರ ಮೇ 24ರಂದು ಶ್ರಮ ಫಲಿಸಿತು. ನಾರ್ಮನ್ನಿನಿಂದ ಸುಮಾರು 50 ಕಿಲೋಮೀಟರ್ ದೂರದ ಯೂನಿಯನ್ ಸಿಟಿ ಎಂಬ ಪುಟ್ಟ ಊರನ್ನು ಹಾಳುಗೆಡವಿದ ಸುಂಟರಗಾಳಿಯನ್ನು ತಂಡದವರು ಹುಟ್ಟಿನಿಂದ ಅಳಿವಿನವರೆಗೆ ಚಿತ್ರೀಕರಿಸಿದರು. ಅದೇ ವೇಳೆಯಲ್ಲಿ ಪ್ರಯೋಗಾಲಯದ ಡಾಪ್ಲರ್ ರೇಡಾರು ಅದೇ ಮೋಡವನ್ನು ಅಳೆಯುತ್ತಿತ್ತು. ಮಳೆಹನಿಗಳು ತನ್ನ ಕಡೆಗೆ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದನ್ನು ಈ ಯಂತ್ರ ತಿಳಿಯಬಲ್ಲುದು. ಅಂದಿನ ದಾಖಲೆಯನ್ನು ಪರಿಶೀಲಿಸಿದಾಗ, ಮೋಡದೊಳಗೆ ಒಂದೆಡೆ ಎದುರುಬದುರು ವೇಗಗಳು ಅಕ್ಕಪಕ್ಕದಲ್ಲಿರುವ ಗುರುತು ಕಂಡಿತು. ಸುಳಿ ನೆಲ ಮುಟ್ಟುವುದಕ್ಕೆ ಮುಂಚೆಯೇ ಆ ಗುರುತು ಎತ್ತರದಲ್ಲಿ ಮೂಡಿತ್ತು.

ನಮ್ಮ ತರ್ಕಶಾಸ್ತ್ರವನ್ನು ಬಲ್ಲವರಿಗೆ ಈ ಘಟನೆಯ ಮಹತ್ವ ಸುಲಭವಾಗಿ ತಿಳಿದೀತು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಬೇಕಾದರೆ, ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ವ್ಯಾಪ್ತಿಯನ್ನು ಮೊದಲು ಅಡುಗೆಮನೆಯಲ್ಲಿ ನೋಡಿ ತಿಳಿದಿರಬೇಕು. ರೇಡಾರಿನ ಗುರುತು ಹೊಗೆ, ಸುಂಟರಗಾಳಿ ಬೆಂಕಿ. ಎರಡನ್ನೂ ಏಕಕಾಲದಲ್ಲಿ ಕಂಡ ಯೂನಿಯನ್ ಸಿಟಿಯೇ ಈ ವಿದ್ಯೆಯ ಅಡುಗೆಮನೆ. ಬಯಲಿನಲ್ಲಿ ಆ ಚಿತ್ರ ತೆಗೆದವರಿಲ್ಲದಿದ್ದರೆ ಗುರುತು ಬರಿಯ ಗುರುತಾಗಿಯೇ ಉಳಿಯುತ್ತಿತ್ತು. ಮುಂದೆ 1990ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಡಾಪ್ಲರ್ ರೇಡಾರುಗಳ ಜಾಲ ಹರಡಿದ್ದಕ್ಕೆ ಇಂಥ ಪರೀಕ್ಷೆಗಳೇ ಆಧಾರ.

ಹಾಗಾದರೆ ಯಂತ್ರ ಬಂದಮೇಲೆ ಕಣ್ಣಿನ ಕೆಲಸ ಮುಗಿಯಿತೆ? ಮುಗಿಯಲಿಲ್ಲ. ಭೂಮಿ ಬಾಗಿರುವುದರಿಂದ ರೇಡಾರಿನ ಕಿರಣ ದೂರ ಹೋದಂತೆ ಮೇಲೇರುತ್ತದೆ. ನೆಲದ ಸಮೀಪದಲ್ಲಿ ನಡೆಯುವುದು ಅದಕ್ಕೆ ಕಾಣದು. ಅಲ್ಲದೆ, ಮಂಜನ್ನು ಹೊಗೆಯೆಂದು ಭ್ರಮಿಸುವುದೂ ಉಂಟು: ಮೋಡ ತಿರುಗಿದರೂ ಎಷ್ಟೋ ಸಲ ಸುಂಟರಗಾಳಿ ಹುಟ್ಟುವುದಿಲ್ಲ. ಈ ವ್ಯತ್ಯಾಸದ ಕಾರಣವನ್ನು ಹುಡುಕಲು 1994-95ರಲ್ಲಿಯೂ 2009-10ರಲ್ಲಿಯೂ 'ವೋರ್ಟೆಕ್ಸ್' ಎಂಬ ಹೆಸರಿನ ದೊಡ್ಡ ಯಾತ್ರೆಗಳು ನಡೆದವು. ರೇಡಾರನ್ನೇ ಲಾರಿಯ ಮೇಲೆ ಹೇರಿಕೊಂಡು ಮೋಡದ ಬಳಿಗೆ ಒಯ್ದರು.

ಈ ಸಾಮೀಪ್ಯಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಟಿಮ್ ಸಮಾರಾಸ್ ಎಂಬ ಎಂಜಿನಿಯರು 2003ರ ಜೂನ್ 24ರಂದು ಸೌತ್ ಡಕೋಟದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯ ದಾರಿಯಲ್ಲಿ ತನ್ನ ಉಪಕರಣವನ್ನು ಇಟ್ಟು, 100 ಮಿಲಿಬಾರುಗಳಷ್ಟು ಒತ್ತಡದ ಕುಸಿತವನ್ನು ದಾಖಲಿಸಿದ್ದರು. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೋ ಬಳಿ ಸುಂಟರಗಾಳಿಯೊಂದು ಕ್ಷಿಪ್ರವಾಗಿ ಹಿಗ್ಗಿ, 4 ಕಿಲೋಮೀಟರಿಗೂ ಮೀರಿದ ಅಗಲವನ್ನು ತಳೆದು, ದಿಕ್ಕನ್ನು ಬದಲಿಸಿತು. ಸಮಾರಾಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಅದಕ್ಕೆ ಸಿಕ್ಕಿ ಮಡಿದರು. ಅವರು ಅನನುಭವಿಗಳಲ್ಲ, ಎಚ್ಚರಿಕೆಗೆ ಹೆಸರಾದವರು. ಅನುಭವವೂ ಒಂದು ಬಗೆಯ ಅನುಮಾನವೇ; ಹಿಂದೆ ಕಂಡದ್ದರಿಂದ ಮುಂದಿನದನ್ನು ಊಹಿಸುವುದೇ ಅದರ ಕೆಲಸ. ಅಂದಿನ ಗಾಳಿ ಹಿಂದೆ ಕಂಡದ್ದರಂತಿರಲಿಲ್ಲ.

ಆದಕಾರಣ ಬೆನ್ನಟ್ಟಿದವರೆಲ್ಲರನ್ನೂ ವೀರರೆಂದು ಹೊಗಳುವುದೂ ಹುಚ್ಚರೆಂದು ಹಳಿಯುವುದೂ ಇತಿಹಾಸಕಾರನಿಗೆ ಸಲ್ಲದು. ಅವರಲ್ಲಿ ಯಾರು ಏನನ್ನು ಕಂಡರು, ಕಂಡದ್ದನ್ನು ಹೇಗೆ ದಾಖಲಿಸಿದರು, ಆ ದಾಖಲೆ ಬೇರೊಂದು ಸಾಕ್ಷ್ಯಕ್ಕೆ ಹೇಗೆ ಹೊಂದಿತು ಎಂಬುದೇ ವಿಚಾರಣೀಯ. ಶಾಸನವನ್ನು ಓದುವವನು ಅದು ನಿಂತ ಸ್ಥಳವನ್ನೂ ನೋಡಬೇಕೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಮಹಾಬಯಲಿನವರು ಅದೇ ಪಾಠವನ್ನು ಆಕಾಶದ ವಿಷಯದಲ್ಲಿ ಕಲಿತರು. ಇಂದು ಅಲ್ಲಿನ ಒಂದು ಮನೆಯವರು ಎಚ್ಚರಿಕೆಯನ್ನು ಕೇಳಿ ನೆಲಮಾಳಿಗೆಗೆ ಇಳಿದು ಬದುಕಿದರೆ, ಆ ಕೆಲವು ನಿಮಿಷಗಳ ಹಿಂದೆ 1973ರ ಮೇ ತಿಂಗಳಲ್ಲಿ ಹೊಲದ ಬದಿಯ ರಸ್ತೆಯಲ್ಲಿ ಕ್ಯಾಮರಾ ಹಿಡಿದು ನಿಂತವರ ಸಾಕ್ಷ್ಯವಿದೆ.