ನಮ್ಮ ಮನಿಯ ನಾಲ್ಕು ಹಾಡೋ ಪೆಟ್ಟಿಗೆಗಳು

ವಾಚನಾಲಯದ ಹುಡುಗರು ಬಂದು, "ಗುರುಗಳ, ನಮ್ಮ ಭಾಗದ ಇತಿಹಾಸದ ಮ್ಯಾಲೆ ಒಂದು ಲೇಖನ ಬರದು ಕೊಡ್ರಿ" ಅಂದರು. ಜತ್ತ ಸಂಸ್ಥಾನದ ಡಫಳೆ ಅರಸರ ಬಗ್ಗೆ ಬರೆಯುತ್ತೇನೆಂದು ಅವರು ತಿಳಿದಿರಬೇಕು. ಅರಸರ ಇತಿಹಾಸ ಬಲ್ಲವರು ಬೇರೆ ಇದ್ದಾರೆ. ನನಗೆ ಗೊತ್ತಿರುವುದು ನಮ್ಮ ಮನಿಯ ಅಟ್ಟದ ಮೇಲಿರುವ ನಾಲ್ಕು ಪೆಟ್ಟಿಗೆಗಳ ಇತಿಹಾಸ. ಒಂದು ಚಾವಿ ಕೊಡುವ ಗ್ರಾಮಾಫೋನು, ಒಂದು ವಾಲ್ವ್ ರೇಡಿಯೋ, ಒಂದು ಟ್ರಾನ್ಸಿಸ್ಟರು, ಒಂದು ಟೇಪ್ ರೆಕಾರ್ಡರು. ಒಂದನ್ನು ಅಜ್ಜ ತಂದ, ಒಂದನ್ನು ಅಪ್ಪ ತಂದ, ಒಂದನ್ನು ನಾನು ತಂದೆ, ಇನ್ನೊಂದನ್ನು ಕಾಕಾ ತಂದ. ಗಡಿಯ ಆಚೆ ಉಳಿದ ನಮ್ಮಂಥ ಹಳ್ಳಿಯ ಕಿವಿಗೆ ಕನ್ನಡ ಯಾವ ಯಾವ ದಾರಿಯಿಂದ ಬಂತು ಅನ್ನುವುದು ಈ ನಾಲ್ಕರೊಳಗೆ ಐತಿ.

ಮೊದಲು ಗ್ರಾಮಾಫೋನು. ಅಮೆರಿಕದ ಎಡಿಸನ್ 1877ರಲ್ಲಿ ದನಿಯನ್ನು ಹಿಡಿದಿಡುವ ಯಂತ್ರ ಮಾಡಿದ. ಹತ್ತು ವರ್ಷಕ್ಕೆ ಬರ್ಲಿನರ್ ಎಂಬಾತ ಚಪ್ಪಟೆ ತಟ್ಟೆಯ ಮೇಲೆ ದನಿ ಕೊರೆಯುವ ಯುಕ್ತಿ ಕಂಡುಹಿಡಿದ. ನಮ್ಮ ದೇಶಕ್ಕೆ ಇದು ಬಲು ಲಗು ಬಂತು. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬ ಸಾಹೇಬ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಆಗ ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯಲ್ಲಿ. 1908ರಿಂದ ಕಲ್ಕತ್ತದಲ್ಲೇ ತಯಾರಾಗತೊಡಗಿದವು.

ಆ ಕರಿ ತಟ್ಟೆ ಏನರಿಂದ ಆಗತಿತ್ತು ಗೊತ್ತೇನ್ರಿ? ಅರಗಿನಿಂದ. ಬಾರಿಗಿಡ, ಮುತ್ತಲಗಿಡದ ಮೇಲೆ ಸಣ್ಣ ಹುಳು ಕಟ್ಟುವ ಅರಗು. ಬಳೆಗಾರರು ಬಳಿ ಮಾಡುವ ಅದೇ ಅರಗಿನಲ್ಲಿ ಕಲ್ಲುಪುಡಿ ಕಲಸಿ ತಟ್ಟೆ ಒತ್ತುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಕೈಯಿಂದ ಜಾರಿದರೆ ತಟ್ಟೆ ಹಂಚಿನಂತೆ ಒಡೆಯುತ್ತಿತ್ತು. ಹಂಗಂತ ಅಜ್ಜ ಮಕ್ಕಳನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ.

ಅಜ್ಜ ಒಂದು ವರ್ಷ ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ ಎತ್ತಿನ ಜೋಡಿ ಮಾರಿ, ಆ ರೊಕ್ಕದಾಗ ಒಂದಿಷ್ಟು ತಗೊಂಡು ಮಿರಜಿಗೆ ಹೋಗಿ ಹಳೆಯದೊಂದು ಗ್ರಾಮಾಫೋನು ತಂದ. ಎತ್ತು ಮಾರಿ ಪೆಟ್ಟಿಗೆ ತಂದದ್ದಕ್ಕೆ ಆಯಿ ಎಂಟು ದಿನ ಮಾತಾಡಲಿಲ್ಲವಂತೆ. ಮಿರಜ ಅಂದರೆ ತಂಬೂರಿ, ಸಿತಾರ ಮಾಡುವ ಊರು. ಅಬ್ದುಲ್ ಕರೀಂ ಖಾನರು ನೆಲೆ ನಿಂತ ಊರು. ಗದಗಿನ ಭೀಮಸೇನ ಜೋಶಿಯವರು ಹುಡುಗರಿದ್ದಾಗ ಈ ಖಾನರ ಒಂದು ಠುಮರಿ ತಟ್ಟೆ ಕೇಳಿಯೇ ಗುರುವನ್ನು ಹುಡುಕಿ ಮನಿ ಬಿಟ್ಟು ಹೋದದ್ದು. ಒಂದು ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು, ಅಷ್ಟೇ. ಮೂರು ನಿಮಿಷ ಒಬ್ಬ ಹುಡುಗನ ಬಾಳನ್ನೇ ತಿರುಗಿಸಿತು.

ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಉಕ್ಕಿನ ಮುಳ್ಳು ಒಂದು ಮಗ್ಗುಲು ಹಾಡಿಸಿದರೆ ಸವೆಯುತ್ತಿತ್ತು. ಮತ್ತೆ ಹೊಸ ಮುಳ್ಳು ಹಾಕಬೇಕು. ಇಲ್ಲದಿದ್ದರೆ ಮೊಂಡ ಮುಳ್ಳು ತಟ್ಟೆಯನ್ನೇ ಕೆರೆಯುತ್ತಿತ್ತು. ಅಜ್ಜನ ಬಳಿ ಇದ್ದ ತಟ್ಟೆಗಳಲ್ಲಿ ಹೆಚ್ಚಿನವು ಮರಾಠಿ ನಾಟಕದ ಹಾಡುಗಳು. ಗಂಗೂಬಾಯಿ ಹಾನಗಲ್ಲರದು ಒಂದಿತ್ತು. ಅದರ ಮೇಲೆ ಅವರ ಹೆಸರು 'ಗಾಂಧಾರಿ' ಎಂದಿತ್ತು. 1930ರ ದಶಕದ ಮೊದಲಲ್ಲಿ ಅವರ ತಟ್ಟೆಗಳು ಆ ಹೆಸರಿನಲ್ಲೇ ಬಂದವು. ನಮ್ಮ ಧಾರವಾಡದ ಕಡೆಯ ಹೆಣ್ಣುಮಗಳು ಹಾಡ್ಯಾಳ ಅಂತ ಊರ ಮಂದಿ ಬಂದು ಕೇಳುತ್ತಿದ್ದರಂತೆ. ಆದರೆ ತಟ್ಟೆ ಕೊಟ್ಟದ್ದನ್ನೇ ಕೊಡುತ್ತದೆ. ನೂರು ಸಲ ಹಾಕಿದರೂ ಅದೇ ಹಾಡು. ಊರಿಗೆ ಹೊಸ ಮಾತು ತರುವ ಶಕ್ತಿ ಅದಕ್ಕಿರಲಿಲ್ಲ.

ಆ ಶಕ್ತಿ ಬಂದದ್ದು ರೇಡಿಯೋದಿಂದ. ಮುಂಬಯಿಯ ಕೇಂದ್ರ 1927ರಲ್ಲಿ ಶುರುವಾಯಿತು. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ನಡೆಸಿ ಅದನ್ನು ಆಕಾಶವಾಣಿ ಎಂದು ಕರೆದರು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೋಕ್ಕೇ ಬಂತು. ಆದರೆ ನಮ್ಮ ಭಾಗಕ್ಕೆ ದೊಡ್ಡ ದಿನವೆಂದರೆ 1950ರ ಜನವರಿ 8. ಅಂದು ಧಾರವಾಡ ಆಕಾಶವಾಣಿ ಶುರುವಾಯಿತು.

ಆ ಕಾಲವನ್ನು ಸ್ವಲ್ಪ ನೆನೆಸಬೇಕು. ಜತ್ತ, ಅಕ್ಕಲಕೋಟ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ಕ್ಕೆ ವಿಜಾಪುರ, ಧಾರವಾಡ, ಬೆಳಗಾವಿ ಮೈಸೂರು ರಾಜ್ಯಕ್ಕೆ ಹೋದವು, ನಾವು ಮುಂಬಯಿ ರಾಜ್ಯದಲ್ಲೇ ಉಳಿದೆವು. 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. ನಮ್ಮ ಹೊಲ ಅಲ್ಲೇ ಇತ್ತು, ಸಂತಿ ಅಲ್ಲೇ ಇತ್ತು, ಬೀಗರು ಆ ಕಡೆ ಇದ್ದರು. ಕಚೇರಿಯ ಕಾಗದ ಮಾತ್ರ ಬೇರೆ ಭಾಷೆಯಲ್ಲಿ ಬರತೊಡಗಿತು.

ಅಪ್ಪ ವಾಲ್ವ್ ರೇಡಿಯೋ ತಂದದ್ದು 1961ರಲ್ಲಿ. ಆಗ ಊರಿಗೆ ಕರೆಂಟ್ ಇಲ್ಲ. ಆ ರೇಡಿಯೋಕ್ಕೆ ಇಟ್ಟಂಗಿಯಷ್ಟು ದೊಡ್ಡ ಬ್ಯಾಟರಿ ಪ್ಯಾಕು ಬೇಕಾಗುತ್ತಿತ್ತು. ಅದರೊಳಗೆ ವಾಲ್ವಿನ ತಂತಿ ಕಾಯಿಸಲು 1.5 ವೋಲ್ಟಿನದೊಂದು, ದನಿ ಏಳಿಸಲು 90 ವೋಲ್ಟಿನದೊಂದು. ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ ತಾಮ್ರದ ತಂತಿ ಕಟ್ಟಿದ್ದ. ಇನ್ನೊಂದು ತಂತಿ ಕಿಟಕಿಯಿಂದ ಇಳಿದು ಹಿತ್ತಲದ ನೆಲದೊಳಗೆ ಹೋಗುತ್ತಿತ್ತು. ಆ ನೆಲ ಹಸಿ ಇದ್ದರೆ ದನಿ ಸ್ವಚ್ಛ, ಒಣಗಿದರೆ ಗೊರ ಗೊರ. ದಿನಾ ಸಂಜೆ ಅಲ್ಲಿ ಒಂದು ಕೊಡ ನೀರು ಹಾಕುವುದು ನನ್ನ ಕೆಲಸ. 1972ರ ಬರಗಾಲದಲ್ಲಿ ನಾನು ಕೊಡ ಎತ್ತಿದ್ದು ನೋಡಿ ಅವ್ವ ಅಂದಳು: "ಕುಡಿಯಾಕ ನೀರಿಲ್ಲ, ನಿಮ್ಮಪ್ಪನ ರೇಡಿಯೋಕ್ಕ ಎಲ್ಲಿಂದ ತರ್ಲೋ?" ಆ ವರ್ಷವೆಲ್ಲ ಭಾಂಡಿ ತೊಳೆದ ಮುಸುರಿ ನೀರಿನ ಮೇಲೆಯೇ ಧಾರವಾಡ ಕೇಳಿದೆವು.

ಪುಕಟ್ಟೆ ಕೇಳುವಂಗೂ ಇರಲಿಲ್ಲ. ರೇಡಿಯೋಕ್ಕೆ ಲೈಸೆನ್ಸ್ ಬೇಕು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ 15 ರೂಪಾಯಿ ಕಟ್ಟಿ ಪುಸ್ತಕದಲ್ಲಿ ಚೀಟಿ ಹಚ್ಚಿಸಿಕೊಂಡು ಬರಬೇಕು. 1980ರ ದಶಕದಲ್ಲಿ ಈ ಲೈಸೆನ್ಸ್ ಹೋಯಿತು. ಅಪ್ಪ ಆ ಪುಸ್ತಕವನ್ನು ಹೊಲದ ಉತಾರದ ಜೋಡಿ ಇಡುತ್ತಿದ್ದ.

ಸಂಜೆಗೆ ನಮ್ಮ ಕಟ್ಟಿಯ ಮೇಲೆ ಹತ್ತಿಪ್ಪತ್ತು ಮಂದಿ ಕೂಡುತ್ತಿದ್ದರು. ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ, ಗೀಗೀ ಪದ, ವಚನ ಗಾಯನ, ನಾಟಕ. ಬೇಂದ್ರೆಯವರು ಆ ಕಾಲದಲ್ಲಿ ಧಾರವಾಡ ಕೇಂದ್ರದ ಸಲಹೆಗಾರರಾಗಿದ್ದರು. ಎನ್ಕೆಯವರು ಅಲ್ಲಿ ಕೆಲಸದಲ್ಲಿದ್ದರು. ಅಲ್ಲಿಯವರ ಮಾತು ನಮ್ಮ ಮಾತಿನಂಗ ಇತ್ತು. "ರೇಡಿಯೋದಾಗ ನಮ್ಮಂಗ ಮಾತಾಡ್ತಾರ!" ಅಂತ ಆಯಿ ಬೆರಗಾಗುತ್ತಿದ್ದಳು. ಶಾಲೆಯ ಪುಸ್ತಕದ ಕನ್ನಡ ಮಾತ್ರ ಕನ್ನಡ, ನಮ್ಮ ಮಾತು ಹಳ್ಳಿ ಮಾತು ಅಂತ ತಿಳಿದಿದ್ದ ನಮಗೆ ಅದು ದೊಡ್ಡ ಧೈರ್ಯ ಕೊಟ್ಟಿತು.

ಮೂರನೆಯದು ಟ್ರಾನ್ಸಿಸ್ಟರು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1947ರ ಡಿಸೆಂಬರಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಾಯಿಸುವ ಕೆಲಸ ಇಲ್ಲದ್ದರಿಂದ ನಾಲ್ಕು ಸಣ್ಣ ಸೆಲ್ಲಿನ ಮೇಲೆ ರೇಡಿಯೋ ತಿಂಗಳುಗಟ್ಟಲೆ ನಡೆಯತೊಡಗಿತು. ಮಾಸ್ತರಿಕೆಗೆ ಸೇರಿದ ಮೇಲೆ 1974ರಲ್ಲಿ ಪಗಾರ ಕೂಡಿಸಿ ನಾನು ಒಂದು ತಂದೆ. ಚರ್ಮದ ಚೀಲ, ಹೆಗಲಿಗೆ ಪಟ್ಟಿ. ನಾಲ್ಕೂ ಪೆಟ್ಟಿಗೆಗಳಲ್ಲಿ ನನಗೆ ಹೆಚ್ಚು ಪ್ರೀತಿಯದು ಇದೇ. ಇದು ನನಗೊಂದು ಪಾಠ ಕಲಿಸಿತು.

ಟ್ರಾನ್ಸಿಸ್ಟರಿನೊಳಗೆ ತಂತಿ ಸುತ್ತಿದ ಒಂದು ಕರಿ ಕಡ್ಡಿ ಇರುತ್ತದೆ. ಅದಕ್ಕೆ ಫೆರೈಟ್ ಕಡ್ಡಿ ಅನ್ನುತ್ತಾರೆ. ಮಾಳಿಗೆಯ ಮೇಲಿನ ತಂತಿಯ ಕೆಲಸ ಅದೇ ಮಾಡುತ್ತದೆ. ಆ ಕಡ್ಡಿ ಕೇಂದ್ರದ ದಿಕ್ಕಿಗೆ ಅಡ್ಡಡ್ಡ ಇದ್ದರೆ ದನಿ ಜೋರು, ಕಡ್ಡಿಯ ತುದಿ ಕೇಂದ್ರದ ಕಡೆ ಇದ್ದರೆ ದನಿ ಸಣ್ಣ. ಈಗ ನಕಾಶೆ ನೋಡಿರಿ. ಜತ್ತದಿಂದ ಧಾರವಾಡ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಸುಮಾರು 180 ಕಿಲೋಮೀಟರು. ಸಾಂಗಲಿ ಪಶ್ಚಿಮಕ್ಕೆ, ಸುಮಾರು 70 ಕಿಲೋಮೀಟರು. ಸಾಂಗಲಿಯ ಆಕಾಶವಾಣಿ 1963ರಲ್ಲಿ ಶುರುವಾಗಿತ್ತು. ಅದು ಹತ್ತಿರ, ದನಿ ಜೋರು. ಟ್ರಾನ್ಸಿಸ್ಟರನ್ನು ಪೂರ್ವ ಪಶ್ಚಿಮಕ್ಕೆ ಅಡ್ಡ ಇಟ್ಟರೆ ಧಾರವಾಡದ ಕನ್ನಡ ಚಲೋ ಬರುತ್ತಿತ್ತು. ದಕ್ಷಿಣೋತ್ತರ ಇಟ್ಟರೆ ಸಾಂಗಲಿಯ ಮರಾಠಿ ಚಲೋ ಬರುತ್ತಿತ್ತು. ಮುಳ್ಳು ತಿರುಗಿಸಿದರಷ್ಟೇ ಸಾಲದು, ಪೆಟ್ಟಿಗೆಯನ್ನೂ ಕಾಲು ಸುತ್ತು ತಿರುಗಿಸಬೇಕು.

ನಮ್ಮ ಮನಿಯಲ್ಲಿ ಎರಡೂ ಕೇಳುತ್ತಿದ್ದೆವು. ಅಜ್ಜನಿಗೆ ಅಭಂಗ ಬೇಕು, ಅಪ್ಪನಿಗೆ ವಚನ ಬೇಕು. ಮರಾಠಿ ನಮಗೆ ಪರಕೀಯ ಅಲ್ಲ, ಸಂತಿಯ ಮಾತು, ಗೆಳೆಯರ ಮಾತು. ಆದರೆ ಒಂದು ಮಾತು ಖರೆ. ಹತ್ತಿರದ್ದು ತಾನಾಗಿ ಬರುತ್ತದೆ. ದೂರದ ಕನ್ನಡ ಬೇಕಾದರೆ ನಾವು ಎದ್ದು ಪೆಟ್ಟಿಗೆ ತಿರುಗಿಸಬೇಕು. ಹಗಲು ಧಾರವಾಡ ನೆಲ ಹಿಡಿದು ಬರುತ್ತಿತ್ತು. ರಾತ್ರಿ ಆಕಾಶದ ಮೇಲ್ಪದರಕ್ಕೆ ಬಡಿದು ದೂರ ದೂರದ ಕೇಂದ್ರಗಳೂ ಬಂದು ಇಳಿಯುತ್ತಿದ್ದವು. 765 ಕಿಲೋಹರ್ಟ್ಸಿನ ಧಾರವಾಡ ಆ ಗದ್ದಲದಾಗ ಮುಳುಗಿ ಏಳುತ್ತಿತ್ತು. ನಾಟಕದ ಕಡೀ ಮಾತು ಎಷ್ಟೋ ಸಲ ನಮಗೆ ಕೇಳಲೇ ಇಲ್ಲ. ಮರುದಿನ ಶಾಲೆಯಲ್ಲಿ ಹುಡುಗರು ತಾವೇ ಒಂದು ಮುಕ್ತಾಯ ಕಟ್ಟಿ ಹೇಳುತ್ತಿದ್ದರು.

ಈ ಮೂರೂ ಪೆಟ್ಟಿಗೆಗಳು ಹೊರಗಿನ ದನಿ ಒಳಗೆ ತಂದವು. ನಾವು ಕೇಳುವವರು, ಅಷ್ಟೇ. ನಾಲ್ಕನೆಯದು ಬೇರೆ ಜಾತಿಯದು. ಅದು ನಮ್ಮ ದನಿಯನ್ನು ತಾನು ಕೇಳಿಸಿಕೊಂಡಿತು.

ಕ್ಯಾಸೆಟ್ಟನ್ನು ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಿತು. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯ ಲೇಪ. ಆ ಪುಡಿಯೇ ಅಯಸ್ಕಾಂತದ ಗುರುತಾಗಿ ದನಿಯನ್ನು ಹಿಡಿದಿಡುತ್ತದೆ. ಕನ್ನಡದಲ್ಲಿ 1978ರಲ್ಲಿ 'ನಿತ್ಯೋತ್ಸವ' ಬಂದ ಮೇಲೆ ಧ್ವನಿಸುರುಳಿ ಎಂಬ ಮಾತು ಮನಿಮಾತಾಯಿತು. ಸಂತಿಯಲ್ಲಿ ಸಂಗ್ಯಾ ಬಾಳ್ಯಾ, ಕೃಷ್ಣ ಪಾರಿಜಾತ, ಶರೀಫರ ಪದ ಎಲ್ಲಾ ಸಿಗತೊಡಗಿದವು.

ನಮ್ಮ ಕಾಕಾ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದ. 1982ರ ಜನವರಿಯಲ್ಲಿ ದೊಡ್ಡ ಮುಷ್ಕರ ಆಯಿತಲ್ಲ, ಗಿರಣಿ ಮತ್ತೆ ಅವನನ್ನು ಕರೆಯಲಿಲ್ಲ. ಮರುವರ್ಷ ಒಂದು ಟ್ರಂಕು, ಒಂದು ಟೂ-ಇನ್-ವನ್ ಟೇಪ್ ರೆಕಾರ್ಡರು ತಗೊಂಡು ಊರಿಗೆ ಬಂದ. ಹದಿನೆಂಟು ವರ್ಷದ ದುಡಿಮೆಯಲ್ಲಿ ಅವನ ಕೈಯಲ್ಲಿ ಉಳಿದದ್ದು ಅಷ್ಟೇ. ಅವನೇ ಊರಿನ ಹಾಡು ತುಂಬಿಸಿಕೊಳ್ಳಲು ಶುರು ಮಾಡಿದ. ಡೊಳ್ಳಿನ ಪದ, ಹರದೇಶಿ ನಾಗೇಶಿ ಸವಾಲು ಜವಾಬು, ಮೊಹರಮ್ಮಿನ ರಿವಾಯತ ಪದ, ಹುಲಜಂತಿ ಜಾತ್ರೆಗೆ ಹೋದಾಗ ಅಲ್ಲಿಯ ಮಹಾಲಿಂಗರಾಯನ ಹಾಡಿಕೆ. ಒಂದು ಮುಂಜಾನೆ ಅವ್ವ ಜೋಳ ಬೀಸುತ್ತ ಹಾಡುವಾಗ ಬಾಗಿಲ ಮರೆಗೆ ಇಟ್ಟು ತುಂಬಿಸಿಕೊಂಡ. ಆಮೇಲೆ ಹಚ್ಚಿ ಕೇಳಿಸಿದಾಗ ಅವ್ವ ಸೆರಗು ಬಾಯಿಗೆ ಹಿಡಕೊಂಡು, "ಅಯ್ಯ, ಇದು ನನ್ನ ದನಿ ಏನೋ ಭಾವಾ? ಇಷ್ಟು ಕೆಟ್ಟ ಐತಿ!" ಅಂದಳು.

ಈಗ ನನ್ನ ತಪ್ಪು ಹೇಳಬೇಕು. ಎರಡು ವರ್ಷದ ಮೇಲೆ ನನಗೊಂದು ಖಾಲಿ ಕ್ಯಾಸೆಟ್ ಬೇಕಾಗಿತ್ತು. ಟ್ರಂಕಿನಿಂದ ಚೀಟಿ ಹಚ್ಚದ ಒಂದನ್ನು ತಗೊಂಡು ರೇಡಿಯೋದ ಸಿನೆಮಾ ಹಾಡು ತುಂಬಿಸಿದೆ. ಅದು ಅವ್ವನ ಕ್ಯಾಸೆಟ್. ಒಂದು ಮಗ್ಗುಲು ಪೂರಾ ಅಳಿಸಿ ಹೋಯಿತು. ಕ್ಯಾಸೆಟ್ಟಿನ ಹಿಂಬದಿಗೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ತುಂಬಿಸಲು ಬರುವುದಿಲ್ಲ. ಎರಡು ಬೆರಳಿನ ಕೆಲಸ, ಮಾಡಲಿಲ್ಲ. ಅವ್ವ ಏನೂ ಅನ್ನಲಿಲ್ಲ. "ಹಾಡಿದರಾತು ಬಿಡೋ, ನಾ ಎಲ್ಲಿ ಹೋಗ್ತೀನಿ" ಅಂದಳು. ಮತ್ತೆ ಹಾಡಿಸುವ ಪುರಸೊತ್ತು ನನಗೆ ಆಗಲೇ ಇಲ್ಲ. ಅಷ್ಟರಲ್ಲಿ ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಮೂಲೆಗೆ ಸೇರಿತು. ಅವ್ವನೂ ಹೋದಳು. ಈಗ ಉಳಿದದ್ದು ಒಂದು ಮಗ್ಗುಲು, ಅದರಲ್ಲಿ ಎರಡು ಪೂರ್ಣ ಪದ, ಒಂದು ಅರ್ಧ.

ಈ ಇತಿಹಾಸ ಬರೆದದ್ದು ಬರೇ ನೆನಪಿಗಲ್ಲ. ಗಂಗೂಬಾಯಿಯವರ ತಟ್ಟೆ ನಮ್ಮ ಮನಿಯಲ್ಲಿ ಒಡೆದರೆ ಇನ್ನೊಬ್ಬರ ಬಳಿ ಇರುತ್ತದೆ. ಧಾರವಾಡದ ನಾಟಕ ನಮಗೆ ಕೇಳದಿದ್ದರೂ ಹುಬ್ಬಳ್ಳಿಯವರು ಕೇಳಿರುತ್ತಾರೆ. ಆದರೆ ನಮ್ಮೂರಿನ ಡೊಳ್ಳಿನ ಪದ, ನಮ್ಮ ತಾಯಂದಿರ ಬೀಸುಕಲ್ಲಿನ ಪದ ತುಂಬಿದ ಕ್ಯಾಸೆಟ್ ಜಗತ್ತಿನಲ್ಲಿ ಒಂದೇ ಇರುತ್ತದೆ, ಅದು ನಿಮ್ಮ ಟ್ರಂಕಿನಲ್ಲಿರುತ್ತದೆ. ನಮ್ಮ ಭಾಗದ ಕನ್ನಡ ಹೆಂಗಿತ್ತು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ. ಆ ಪಟ್ಟಿ ಬಿಸಿಲಿಗೆ, ಧೂಳಿಗೆ, ಬೂಷ್ಟಿಗೆ ಹಾಳಾಗುತ್ತಿದೆ.

ಅದಕ್ಕ ಒಂದು ವಿನಂತಿ. ಮನಿಯಲ್ಲಿರುವ ಕ್ಯಾಸೆಟ್ ಹುಡುಕಿರಿ. ಮೊದಲು ಹಿಂದಿನ ಎರಡು ಹಲ್ಲು ಮುರಿಯಿರಿ. ಪಟ್ಟಿ ಸಡಿಲಿದ್ದರೆ ಪೆನ್ಸಿಲ್ ಹಾಕಿ ನಿಧಾನ ಸುತ್ತಿರಿ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರಸಿದ ಮೇಲೆಯೇ ಹಚ್ಚಿರಿ. ಹಾಡುವಾಗ ಪಕ್ಕದಲ್ಲಿ ಮೊಬೈಲ್ ಇಟ್ಟು ತುಂಬಿಸಿಕೊಂಡರೂ ನಡೆಯುತ್ತದೆ, ಇಯರ್‌ಫೋನಿನ ತೂತಿನಿಂದ ವೈರ್ ಹಾಕಿ ಕಂಪ್ಯೂಟರಿಗೆ ಇಳಿಸಿದರೆ ಇನ್ನೂ ಚಲೋ. ಯಾರು ಹಾಡಿದರು, ಯಾವ ಊರು, ಯಾವ ವರ್ಷ ಅಂತ ಚೀಟಿ ಬರೆಯಿರಿ. ಶಾಲೆಯ ಮಾಸ್ತರರು, ಬಾಯಿಯವರು ಹುಡುಗರಿಗೆ ಇದೇ ಮನಿಪಾಠ ಕೊಟ್ಟರೆ ಒಂದು ಬೇಸಿಗೆ ರಜೆಯಲ್ಲಿ ಕೆಲಸ ಮುಗಿಯುತ್ತದೆ.

ಕಾಕಾನ ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ, ಈಗಲೂ ನಡೆಯುತ್ತದೆ. ಅದನ್ನು ವಾಚನಾಲಯಕ್ಕೆ ಕೊಟ್ಟಿದ್ದೇನೆ. ರವಿವಾರ ಮುಂಜಾನೆ ನಾನು ಅಲ್ಲೇ ಇರುತ್ತೇನೆ. ಕ್ಯಾಸೆಟ್ ತಗೊಂಡು ಬರ್ರಿ.